ಬಿಯಾಟ್ರಿಕ್ಸ್ ಪಾಟರ್: ಸಚಿತ್ರ ಪುಸ್ತಕಗಳ ಒಲವು ಮತ್ತು ಸೃಷ್ಟಿಯ ಪ್ರೇರಣೆಗಳು

ಮಕ್ಕಳ ಸಾಹಿತ್ಯದ ಲೇಖಕರ ಮೇಲಾದ ಪ್ರಭಾವಗಳನ್ನು ಚರ್ಚಿಸುವಾಗ ವಿದ್ವಾಂಸರು ಸಾಮಾನ್ಯವಾಗಿ ಕಥಾವಸ್ತುವಿನ ಆಕರಗಳನ್ನು ಹುಡುಕುತ್ತಾರೆ. ಜನಪದ ಕಥೆ, ಅಜ್ಜಿಕಥೆ, ನೀತಿಕಥೆ, ಬಾಲ್ಯದ ಅನುಭವ ಇವು ಅಂತಹ ಚರ್ಚೆಯಲ್ಲಿ ರೂಢಿಯಾಗಿ ಬರುವ ಅಂಶಗಳು. ಲೇಖಕರು ಎಳವೆಯಲ್ಲಿ ಪುಟ ತಿರುವಿ ನೋಡಿದ ಚಿತ್ರಗಳು, ಆ ಪುಸ್ತಕಗಳ ಅಳತೆ, ಬೆಲೆ, ಮುದ್ರಣದ ಕ್ರಮ ಇವು ವಿಮರ್ಶೆಯ ಕಣ್ಣಿಗೆ ಬೀಳುವುದು ಅಪರೂಪ. ಬರಹವನ್ನೂ ಚಿತ್ರವನ್ನೂ ಒಬ್ಬರೇ ರಚಿಸಿದ ಸಂದರ್ಭದಲ್ಲಿ ಈ ಉಪೇಕ್ಷೆ ಅಧ್ಯಯನದ ದೊಡ್ಡ ಕೊರತೆಯೇ ಆಗುತ್ತದೆ. ಇಂಗ್ಲೆಂಡಿನ ಬಿಯಾಟ್ರಿಕ್ಸ್ ಪಾಟರ್ (1866-1943) ಅವರ ವಿಷಯದಲ್ಲಿ ಹೀಗೆ ಆಗಿರುವುದನ್ನು ಕಾಣಬಹುದು. ನೀಲಿ ಕೋಟು ತೊಟ್ಟ ‘ಪೀಟರ್ ರ‍್ಯಾಬಿಟ್’ ಎಂಬ ಮೊಲವನ್ನು ಲೋಕಕ್ಕೆ ಕೊಟ್ಟ ಈ ಲೇಖಕಿಯ ಬಗ್ಗೆ ಜನಪ್ರಿಯ ಕಲ್ಪನೆಯೊಂದು ಬಹುಕಾಲದಿಂದ ಬೇರೂರಿದೆ. ಲಂಡನ್ನಿನ ಶ್ರೀಮಂತ ಮನೆಯೊಂದರ ಮೂರನೆಯ ಮಹಡಿಯಲ್ಲಿ ಜೊತೆಗಾರರಿಲ್ಲದೆ ಬೆಳೆದ ಹುಡುಗಿ, ಸಾಕಿದ ಮೊಲ ಇಲಿಗಳನ್ನೇ ಗೆಳೆಯರೆಂದು ಬಗೆದು, ಆ ಏಕಾಂತದಿಂದಲೇ ಕಥೆಗಳನ್ನು ಹೆತ್ತಳು ಎಂಬುದು ಆ ಕಲ್ಪನೆ. ಇದು ಮನಸ್ಸಿಗೆ ಹಿತವಾದ ಚಿತ್ರವೇನೋ ಸರಿ. ಆದರೆ ಆಕೆಯ ಕಲೆಯ ಹಿಂದೆ ಇದ್ದ ವ್ಯಾಸಂಗವನ್ನು ಅದು ಸಂಪೂರ್ಣವಾಗಿ ಮರೆಮಾಚುತ್ತದೆ. ಪಾಟರ್ ಸಚಿತ್ರ ಪುಸ್ತಕಗಳನ್ನು ಪ್ರೀತಿಸಿದ್ದು ಮುಗ್ಧ ಓದುಗಳಾಗಿ ಅಲ್ಲ, ನಿಷ್ಠುರ ಪರೀಕ್ಷಕಿಯಾಗಿ. ಆ ನಿಷ್ಠುರತೆಯೇ ಆಕೆಯ ಸೃಷ್ಟಿಯ ಮೂಲ ಸೆಲೆ ಎಂಬುದನ್ನು ಲಭ್ಯವಿರುವ ದಾಖಲೆಗಳ ಆಧಾರದಿಂದ ತೋರಿಸಲು ಸಾಧ್ಯವಿದೆ.

ಈ ದಾಖಲೆಗಳು ನಮಗೆ ದೊರೆತ ಬಗೆಯೇ ಒಂದು ಸ್ವಾರಸ್ಯದ ಪ್ರಸಂಗ. ಹದಿನೈದರ ವಯಸ್ಸಿನ ಸುಮಾರಿಗೆ, ಅಂದರೆ 1881ರ ವೇಳೆಗೆ, ಪಾಟರ್ ತಾವೇ ಕಲ್ಪಿಸಿಕೊಂಡ ಗುಪ್ತಲಿಪಿಯಲ್ಲಿ ದಿನಚರಿ ಬರೆಯತೊಡಗಿ 1897ರವರೆಗೆ ಮುಂದುವರಿಸಿದರು. ಅಕ್ಷರಗಳು ಅತಿ ಸಣ್ಣವು, ಒಂದೊಂದು ಅಕ್ಷರಕ್ಕೂ ಬೇರೊಂದು ಗುರುತು. ಆಕೆಯ ಮರಣದ ನಂತರ ಲೆಸ್ಲಿ ಲಿಂಡರ್ ಎಂಬ ಸಂಗ್ರಾಹಕರು ಈ ಹಾಳೆಗಳನ್ನು ಇಟ್ಟುಕೊಂಡು ವರ್ಷಗಟ್ಟಲೆ ತಿಣುಕಿದರು. 1958ರಲ್ಲಿ ಒಂದು ಪುಟದಲ್ಲಿ ರೋಮನ್ ಅಂಕಿಯ ಹದಿನಾರನ್ನೂ 1793 ಎಂಬ ಇಸವಿಯನ್ನೂ ಒಟ್ಟಿಗೆ ಗುರುತಿಸಿದಾಗ, ಅದು ಫ್ರಾನ್ಸಿನ ಹದಿನಾರನೆಯ ಲೂಯಿಯ ಶಿರಚ್ಛೇದದ ಉಲ್ಲೇಖವಿರಬೇಕೆಂದು ಊಹಿಸಿದರು. ಆ ಒಂದು ಎಳೆಯಿಂದ ಇಡೀ ಲಿಪಿ ಬಿಚ್ಚಿಕೊಂಡಿತು. ದಿನಚರಿ 1966ರಲ್ಲಿ, ಪಾಟರ್ ಅವರ ಜನ್ಮಶತಮಾನೋತ್ಸವದ ವರ್ಷ, ಪ್ರಕಟವಾಯಿತು. ಗುಪ್ತಲಿಪಿಯ ಹಿಂದೆ ಹೃದಯದ ರಹಸ್ಯಗಳಿರಬಹುದೆಂದು ನಿರೀಕ್ಷಿಸಿದವರಿಗೆ ನಿರಾಶೆಯಾಗಿರಬೇಕು. ಅಲ್ಲಿ ಹೆಚ್ಚಾಗಿ ಇರುವುದು ಕಲಾಪ್ರದರ್ಶನಗಳ ವಿಮರ್ಶೆ, ಚಿತ್ರಕಾರರ ಗುಣದೋಷಗಳ ತೂಕ, ಬಣ್ಣಗಳ ವಿಚಾರ. ಹದಿನಾರು ಹದಿನೇಳು ವಯಸ್ಸಿನ ಹುಡುಗಿ ಯಾರಿಗೂ ತಿಳಿಯದಂತೆ ಬಚ್ಚಿಟ್ಟದ್ದು ಹಳೆಯ ಮಹಾನ್ ಕಲಾವಿದರ ಬಗೆಗಿನ ತನ್ನ ಸ್ವತಂತ್ರ ಅಭಿಪ್ರಾಯಗಳನ್ನು. 1883ರ ಪ್ರದರ್ಶನವೊಂದರಲ್ಲಿ ಆಂಜೆಲಿಕಾ ಕೌಫ್‌ಮನ್ ಅವರ ಚಿತ್ರವನ್ನು ಕಂಡು, ಹೆಣ್ಣೊಬ್ಬಳು ಏನನ್ನು ಸಾಧಿಸಬಲ್ಲಳೆಂಬುದಕ್ಕೆ ಅದು ಸಾಕ್ಷಿಯೆಂದು ಬರೆದುಕೊಂಡದ್ದು ಗಮನಾರ್ಹ.

ಪಾಟರ್ ಹುಟ್ಟಿದ ಮನೆಯಲ್ಲಿ ಚಿತ್ರವೆಂಬುದು ದಿನಬಳಕೆಯ ವಸ್ತುವಾಗಿತ್ತು. ತಂದೆ ರೂಪರ್ಟ್ ಪಾಟರ್ ವೃತ್ತಿಯಿಂದ ಬ್ಯಾರಿಸ್ಟರ್, ಪ್ರವೃತ್ತಿಯಿಂದ ಛಾಯಾಗ್ರಾಹಕ. ಪ್ರಸಿದ್ಧ ಕಲಾವಿದ ಜಾನ್ ಎವರೆಟ್ ಮಿಲೇ ಅವರ ಆಪ್ತರಾಗಿದ್ದ ರೂಪರ್ಟ್, ಮಿಲೇ ಅವರ ಚಿತ್ರರಚನೆಗೆ ನೆರವಾಗುವ ಛಾಯಾಚಿತ್ರಗಳನ್ನು ತೆಗೆದುಕೊಡುತ್ತಿದ್ದರು. ಮಗಳೂ ತಂದೆಯ ಜೊತೆ ಆ ಚಿತ್ರಶಾಲೆಗೆ ಹೋಗುತ್ತಿದ್ದಳು. ಚಿತ್ರ ಬಿಡಿಸಬಲ್ಲವರು ಎಷ್ಟೋ ಮಂದಿ ಇದ್ದಾರೆ, ಆದರೆ ಈಕೆಗೆ ಅವಲೋಕನವಿದೆ ಎಂಬರ್ಥದ ಮಾತನ್ನು ಮಿಲೇ ಆಡಿದ್ದರೆಂದು ಪಾಟರ್ ದಿನಚರಿಯಲ್ಲಿ ಸ್ಮರಿಸಿಕೊಂಡಿದ್ದಾರೆ. ಈ ‘ಅವಲೋಕನ’ವೆಂಬ ಶಬ್ದ ಮುಂದಿನ ಚರ್ಚೆಗೆ ಮುಖ್ಯವಾದದ್ದು.

ಹತ್ತನೆಯ ಹುಟ್ಟುಹಬ್ಬಕ್ಕೆ, 1876ರಲ್ಲಿ, ಆಕೆಗೆ ಜೆಮಿಮಾ ಬ್ಲ್ಯಾಕ್‌ಬರ್ನ್ ಎಂಬ ಸ್ಕಾಟ್ಲೆಂಡಿನ ಕಲಾವಿದೆ ರಚಿಸಿದ ಹಕ್ಕಿಗಳ ಚಿತ್ರಗಳ ದೊಡ್ಡ ಪುಸ್ತಕವೊಂದು ಉಡುಗೊರೆಯಾಗಿ ಬಂದಿತು. ಹದಿನೈದು ವರ್ಷಗಳ ಬಳಿಕ, 1891ರಲ್ಲಿ, ಆ ಕಲಾವಿದೆಯನ್ನೇ ಮುಖತಃ ಭೇಟಿಯಾದ ದಿನ ಪಾಟರ್ ದಿನಚರಿಯಲ್ಲಿ ಆ ಮುಂಜಾನೆಯನ್ನು ನೆನೆದಿದ್ದಾರೆ. ಪುಸ್ತಕವನ್ನು ಹಜಾರದ ಕಪಾಟಿನಲ್ಲಿ ಇಟ್ಟಿದ್ದರು. ಕೈ ತೊಳೆದು ಬಂದ ಮೇಲಷ್ಟೇ ಅದನ್ನು ಮುಟ್ಟಲು ಅಪ್ಪಣೆ. ಇಲ್ಲಿಯವರೆಗೆ ಇದು ಯಾವ ಲೇಖಕರ ಬಾಲ್ಯಸ್ಮೃತಿಯಲ್ಲೂ ಸಿಗಬಹುದಾದ ಮಧುರ ಪ್ರಸಂಗ. ಆದರೆ ಪಾಟರ್ ಅಲ್ಲಿಗೇ ನಿಲ್ಲುವುದಿಲ್ಲ. ಬ್ಲ್ಯಾಕ್‌ಬರ್ನ್ ಬಿಡಿಸಿದ ಹಕ್ಕಿಗಳು ಒಟ್ಟಿನಲ್ಲಿ ಥಾಮಸ್ ಬ್ಯೂಯಿಕ್ ಕೆತ್ತಿದ ಹಕ್ಕಿಗಳಷ್ಟು ಚೆನ್ನಾಗಿ ಕಾಲೂರಿ ನಿಲ್ಲುವುದಿಲ್ಲ ಎಂದೂ, ಆದರೂ ಆಕೆಗೆ ಸರಿಸಾಟಿಯೆನ್ನಬಹುದಾದವರು ಬ್ಯೂಯಿಕ್ ಒಬ್ಬರೇ ಎಂದೂ ತೀರ್ಪು ಕೊಡುತ್ತಾರೆ. ಕೈ ತೊಳೆದು ಮುಟ್ಟಿದ ಪುಸ್ತಕವನ್ನು ಹೀಗೆ ಹಕ್ಕಿಯ ಕಾಲಿನ ನಿಲುವಿನಿಂದ ಅಳೆಯುವ ಕಣ್ಣು ಸಾಮಾನ್ಯವಾದುದಲ್ಲ. ಬ್ಲ್ಯಾಕ್‌ಬರ್ನ್ ಅವರನ್ನು ಮೆಚ್ಚಲು ಪಾಟರ್‌ಗೆ ಇನ್ನೊಂದು ಕಾರಣವೂ ಇತ್ತೆಂದು ಊಹಿಸಬಹುದು. ಆಗತಾನೆ ಮೊಟ್ಟೆಯೊಡೆದು ಬಂದ, ಕಣ್ಣು ಕೂಡ ಬಿಡದ ಕೋಗಿಲೆಮರಿ ತಾನು ಆಶ್ರಯ ಪಡೆದ ಗೂಡಿನ ಮರಿಗಳನ್ನು ಬೆನ್ನಿನಿಂದ ಎತ್ತಿ ಹೊರದೂಡುವುದನ್ನು ಬ್ಲ್ಯಾಕ್‌ಬರ್ನ್ ಕಣ್ಣಾರೆ ಕಂಡು ಬಿಡಿಸಿದ್ದರು. ಅದನ್ನು ಡಾರ್ವಿನ್ ತಮ್ಮ ಜೀವಸಂಕುಲಗಳ ಉಗಮವನ್ನು ಕುರಿತ ಗ್ರಂಥದ 1872ರ ಆವೃತ್ತಿಯಲ್ಲಿ ಗಮನಕ್ಕೆ ತಂದುಕೊಂಡರು. ಮಕ್ಕಳ ಕೈಗೆ ಸಿಗುವ ಚಿತ್ರವೊಂದು ವಿಜ್ಞಾನಕ್ಕೂ ಸಾಕ್ಷಿಯಾಗಬಲ್ಲದೆಂಬ ನಂಬಿಕೆ ಆ ಕಾಲದ ಗಾಳಿಯಲ್ಲಿತ್ತು.

ಇದಕ್ಕೂ ಮೊದಲು, ಆರೇಳು ವರ್ಷದವಳಿದ್ದಾಗ, ತಂದೆಯ ಸ್ನೇಹಿತರಾದ ಆಕ್ಸ್‌ಫರ್ಡಿನ ಪ್ರಾಧ್ಯಾಪಕರೊಬ್ಬರು ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಪುಸ್ತಕವನ್ನು ತಂದುಕೊಟ್ಟಿದ್ದರು. ದೊಡ್ಡವರು ಲೇಖಕ ಲೂಯಿಸ್ ಕ್ಯಾರಲ್ ಬಗ್ಗೆ ಏನೇನೋ ಮಾತನಾಡಿಕೊಂಡರೂ ತಾನು ಅದಾವುದನ್ನೂ ಕೇಳಿಸಿಕೊಳ್ಳಲಿಲ್ಲ, ಜಾನ್ ಟೆನಿಯಲ್ ಅವರ ಚಿತ್ರಗಳಲ್ಲೇ ಮುಳುಗಿಹೋಗಿದ್ದೆ ಎಂಬುದು ಪಾಟರ್ ಅವರ ನಂತರದ ನೆನಪು. ಆ ಪುಸ್ತಕದಲ್ಲಿ ಕೋಟು ತೊಟ್ಟು ಗಡಿಯಾರ ಹಿಡಿದ ಬಿಳಿ ಮೊಲವಿದೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಆದರೆ ಪಾಟರ್ ಅವರ ಮೇಲೆ ಎಲ್ಲರಿಗಿಂತ ಹೆಚ್ಚಿನ ಪ್ರಭಾವ ಬೀರಿದವರು ರಾಂಡಾಲ್ಫ್ ಕಾಲ್ಡೆಕಾಟ್ (1846-1886). ಕ್ರಿಸ್‌ಮಸ್ ಸಮಯಕ್ಕೆ ವರ್ಷಕ್ಕೆರಡರಂತೆ 1878ರಿಂದ 1885ರವರೆಗೆ ಕಾಲ್ಡೆಕಾಟ್ ಹದಿನಾರು ಚಿತ್ರಪುಸ್ತಕಗಳನ್ನು ಹೊರತಂದರು. ಒಂದೊಂದರ ಬೆಲೆ ಒಂದು ಷಿಲಿಂಗ್. ಬರಹವಾಗಿ ಇರುತ್ತಿದ್ದುದು ಹೆಚ್ಚಾಗಿ ಎಲ್ಲ ಮಕ್ಕಳಿಗೂ ಬಾಯಿಪಾಠವಿರುವ ಶಿಶುಪ್ರಾಸಗಳು. ಹಾಗಿದ್ದ ಮೇಲೆ ಅವುಗಳ ಹೆಚ್ಚುಗಾರಿಕೆ ಎಲ್ಲಿದೆ? ಕಾಲ್ಡೆಕಾಟ್ ಪದ್ಯವನ್ನು ತುಂಡುತುಂಡಾಗಿ ಒಡೆದು ಪುಟಗಳ ಮೇಲೆ ಹರಡಿದರು. ಒಂದು ಸಾಲಿಗೆ ಕೆಲವೊಮ್ಮೆ ಮೂರು ನಾಲ್ಕು ಚಿತ್ರಗಳು ಬಂದವು. ಆ ಚಿತ್ರಗಳಲ್ಲಿ ಪದ್ಯ ಹೇಳದೆ ಬಿಟ್ಟ ಸಂಗತಿಗಳು ನಡೆಯತೊಡಗಿದವು. 1882ರ ‘ಹೇ ಡಿಡಲ್ ಡಿಡಲ್’ ಪುಸ್ತಕವನ್ನು ಉದಾಹರಣೆಗೆ ನೋಡಬಹುದು. ತಟ್ಟೆ ಚಮಚದೊಡನೆ ಓಡಿಹೋಯಿತೆಂಬಲ್ಲಿಗೆ ಪದ್ಯ ಮುಗಿಯುತ್ತದೆ. ಪುಟ ತಿರುವಿದರೆ ಬರಹವಿಲ್ಲದ ಚಿತ್ರವೊಂದಿದೆ. ತಟ್ಟೆ ಒಡೆದು ಚೂರಾಗಿ ಬಿದ್ದಿದೆ, ಚಮಚವನ್ನು ಅದರ ತಾಯಿತಂದೆಯರಂತಿರುವ ಚಾಕು ಮತ್ತು ಮುಳ್ಳುಚಮಚಗಳು ಎಳೆದುಕೊಂಡು ಹೋಗುತ್ತಿವೆ. ನಗೆಯ ಪದ್ಯ ಒಂದು ಪುಟದ ಅಂತರದಲ್ಲಿ ಶೋಕಾಂತವಾಗುತ್ತದೆ. ಇದೇ ಪುಸ್ತಕದ ಎರಡನೆಯ ಭಾಗವಾದ ‘ಬೇಬಿ ಬಂಟಿಂಗ್’ನಲ್ಲಿ ಮಗುವಿಗೆ ಮೊಲದ ತೊಗಲಿನ ಉಡುಪು ತೊಡಿಸಲಾಗಿದೆ. ಕೊನೆಯ ಚಿತ್ರದಲ್ಲಿ ದಿಬ್ಬದ ಮೇಲಿನ ಜೀವಂತ ಮೊಲಗಳು ಆ ಮಗುವನ್ನು ಕಾಣುತ್ತವೆ, ಮಗುವೂ ಅವುಗಳನ್ನು ಕಾಣುತ್ತದೆ. ಪದ್ಯದಲ್ಲಿ ಈ ಮುಖಾಮುಖಿಯ ಸುಳಿವೂ ಇಲ್ಲ. ಅಮೆರಿಕದ ಚಿತ್ರಪುಸ್ತಕಕಾರ ಮಾರಿಸ್ ಸೆಂಡಾಕ್ ಆಧುನಿಕ ಚಿತ್ರಪುಸ್ತಕದ ಆರಂಭವನ್ನು ಕಾಲ್ಡೆಕಾಟ್ ಅವರಲ್ಲಿ ಗುರುತಿಸಿದ್ದು ಈ ಬರಹ ಮತ್ತು ಚಿತ್ರಗಳ ನಡುವಿನ ಸಂವಾದಕ್ಕಾಗಿಯೇ.

ಪೀಟರ್ ಮೊಲದ ಕಥೆಯ ಮೊದಲಲ್ಲೇ ಅದರ ತಂದೆ ತೋಟಗಾರನ ಮನೆಯಲ್ಲಿ ಕಡುಬಿನ ಹೂರಣವಾದ ಸುದ್ದಿಯನ್ನು ತಾಯಿಮೊಲ ಅತ್ಯಂತ ಶಾಂತವಾಗಿ ಮಕ್ಕಳಿಗೆ ತಿಳಿಸುತ್ತದೆ. ಮನುಷ್ಯರ ಅಡುಗೆಮನೆಗೂ ಮೊಲದ ಬಿಲಕ್ಕೂ ನಡುವೆ ಇರುವ ಈ ಭೀಕರ ನಿಕಟತೆಯನ್ನು ಅಳಲಿಲ್ಲದೆ, ಅತಿಶಯೋಕ್ತಿಯಿಲ್ಲದೆ ಹೇಳುವ ಧಾಟಿ ಕಾಲ್ಡೆಕಾಟ್ ಅವರ ಪುಟಗಳಿಗೆ ಹತ್ತಿರದ್ದು. ಇದು ನೇರ ಅನುಕರಣೆಯೆಂದು ಸಾಧಿಸಲು ಬರುವುದಿಲ್ಲ. ಆದರೆ ಪಾಟರ್ ಅವರ ಕಣ್ಣ ಮುಂದೆ ಕಾಲ್ಡೆಕಾಟ್ ಸದಾ ಇದ್ದರೆಂಬುದು ನಿಶ್ಚಿತ. ರೂಪರ್ಟ್ ಪಾಟರ್ ಈ ಕಲಾವಿದರ ಮೂಲ ರೇಖಾಚಿತ್ರಗಳನ್ನು ಕೊಂಡು ತಂದು ಮನೆಯಲ್ಲಿಟ್ಟಿದ್ದರು. ಉಳಿದ ಮಕ್ಕಳು ಮುದ್ರಿತ ಪುಟವನ್ನು ನೋಡುತ್ತಿದ್ದರೆ, ಈಕೆ ಕಲಾವಿದನ ಲೇಖನಿ ಎಲ್ಲಿ ತಡೆದಿದೆ, ಎಲ್ಲಿ ಹರಿದಿದೆ ಎಂಬುದನ್ನೇ ನೋಡಬಲ್ಲವಳಾಗಿದ್ದಳು.

ಇಲ್ಲಿ ಮುದ್ರಣದ ಇತಿಹಾಸವನ್ನೂ ಸ್ವಲ್ಪ ಗಮನಿಸಬೇಕಾಗುತ್ತದೆ. ಕಾಲ್ಡೆಕಾಟ್, ವಾಲ್ಟರ್ ಕ್ರೇನ್, ಕೇಟ್ ಗ್ರೀನವೇ ಈ ಮೂವರ ಪುಸ್ತಕಗಳೂ ಲಂಡನ್ನಿನ ಎಡ್ಮಂಡ್ ಇವಾನ್ಸ್ ಎಂಬ ಒಬ್ಬರೇ ಮುದ್ರಕರ ಕೈಯಿಂದ ಹೊರಬಂದವು. ಒಂದೊಂದು ಬಣ್ಣಕ್ಕೂ ಪ್ರತ್ಯೇಕ ಮರದ ಅಚ್ಚನ್ನು ಕೆತ್ತಿಸಿ, ಒಂದರ ಮೇಲೊಂದು ಒತ್ತಿ, ಹೆಚ್ಚು ಪ್ರತಿಗಳನ್ನು ಮುದ್ರಿಸುವ ಮೂಲಕ ಬೆಲೆಯನ್ನು ತಗ್ಗಿಸಿದ್ದು ಇವಾನ್ಸ್ ಅವರ ಸಾಧನೆ. (ಕುವೆಂಪು ಅವರ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಗೆ ಆಧಾರವಾದ ಬ್ರೌನಿಂಗ್ ಕವಿಯ ಕಥನಕವನಕ್ಕೆ ಗ್ರೀನವೇ ಚಿತ್ರ ಬರೆದ 1888ರ ಪ್ರಸಿದ್ಧ ಆವೃತ್ತಿಯೂ ಇವಾನ್ಸ್ ಅವರ ಮುದ್ರಣಾಲಯದ್ದೇ ಎಂಬುದು ಕನ್ನಡದ ಓದುಗರಿಗೆ ಕುತೂಹಲದ ಸಂಗತಿ.) ಕ್ರೇನ್ ಮತ್ತು ಗ್ರೀನವೇ ಅವರ ಹೆಸರುಗಳನ್ನು ಕಾಲ್ಡೆಕಾಟ್ ಅವರ ಜೊತೆಗೆ ಒಂದೇ ಉಸಿರಿನಲ್ಲಿ ಹೇಳುವುದು ವಿಮರ್ಶೆಯ ರೂಢಿ. ಪಾಟರ್ ಇದನ್ನು ಒಪ್ಪಲಿಲ್ಲ. ಇಳಿವಯಸ್ಸಿನಲ್ಲಿ ಬರೆದ ಪತ್ರವೊಂದರಲ್ಲಿ, ಕಾಲ್ಡೆಕಾಟ್ ಜೊತೆ ಹೆಸರಿಸಲಾಗುವ ಇತರರು ಆ ಮಟ್ಟದವರಲ್ಲವೇ ಅಲ್ಲ ಎಂದು ಖಚಿತವಾಗಿ ನುಡಿದು, ತಮ್ಮ ಮೆಚ್ಚುಗೆಯಲ್ಲಿ ಅಸೂಯೆ ಬೆರೆತಿದೆಯೆಂದೂ ಒಪ್ಪಿಕೊಂಡಿದ್ದಾರೆ. ತಾವು ಆತನನ್ನು ಅನುಕರಿಸಲು ಯತ್ನಿಸಿದ್ದುಂಟು, ಆದರೆ ಹೋಲಿಕೆ ಹೆಚ್ಚೇನೂ ಬರಲಿಲ್ಲ ಎಂಬುದೂ ಆಕೆಯದೇ ಮಾತು.

ಆ ಹೋಲಿಕೆ ಬಾರದೆ ಹೋದದ್ದಕ್ಕೆ ಕಾರಣವಿದೆ. ಕಾಲ್ಡೆಕಾಟ್ ಅವರ ಶಕ್ತಿ ಚಲನೆಯಲ್ಲಿ, ಕೆಲವೇ ಗೆರೆಗಳಲ್ಲಿ ಓಡುವ ಕುದುರೆಯನ್ನೂ ಬೀಳುವ ಸವಾರನನ್ನೂ ಹಿಡಿಯುವ ಮಿತವ್ಯಯದಲ್ಲಿ ಇತ್ತು. ಪಾಟರ್ ಅವರದು ತಾಳ್ಮೆಯ ಕುಂಚ. ಎಂಟೊಂಬತ್ತು ವರ್ಷದವಳಿದ್ದಾಗಲೇ, 1875ರಲ್ಲಿ, ಕಂಬಳಿಹುಳುಗಳನ್ನು ಬಿಡಿಸಿ ಅವುಗಳ ವಿವರಗಳನ್ನು ಬರೆದಿಟ್ಟ ಆಕೆಯ ಪುಸ್ತಕ ಇಂದಿಗೂ ಉಳಿದಿದೆ. ತಮ್ಮ ಬರ್ಟ್ರಮ್ ಜೊತೆ ಸೇರಿ ಸತ್ತ ಪ್ರಾಣಿಗಳನ್ನು ಬೇಯಿಸಿ, ಎಲುಬುಗಳನ್ನು ಬಿಡಿಸಿ ಜೋಡಿಸಿ ಅಭ್ಯಾಸ ಮಾಡುತ್ತಿದ್ದ ಮನೆಯದು. ಮುಂದೆ ಅಣಬೆಗಳ ಅಧ್ಯಯನಕ್ಕೆ ಇಳಿದ ಪಾಟರ್ ಸೂಕ್ಷ್ಮದರ್ಶಕದ ನೆರವಿನಿಂದ ನೂರಾರು ವರ್ಣಚಿತ್ರಗಳನ್ನು ರಚಿಸಿದರು. ಅಣಬೆಯ ಬೀಜಕಗಳ ಮೊಳೆಯುವಿಕೆಯನ್ನು ಕುರಿತ ಆಕೆಯ ಪ್ರಬಂಧ 1897ರ ಏಪ್ರಿಲ್ 1ರಂದು ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂದಿತು. ಸಭೆಗೆ ಸ್ತ್ರೀಯರಿಗೆ ಪ್ರವೇಶವಿಲ್ಲದ ಕಾಲವಾದ್ದರಿಂದ ಅದನ್ನು ಮಂಡಿಸಿದವರು ಕ್ಯೂ ಸಸ್ಯೋದ್ಯಾನದ ಜಾರ್ಜ್ ಮಸ್ಸಿ. ಆ ಪ್ರಬಂಧ ಅಚ್ಚಾಗಲಿಲ್ಲ. ಚಿತ್ರಗಳಿಗೆ ಮಾತ್ರ ತಡವಾಗಿಯಾದರೂ ನ್ಯಾಯ ದೊರೆಯಿತು. 1967ರಲ್ಲಿ ಪ್ರಕಟವಾದ ಅಣಬೆಗಳ ಗ್ರಂಥವೊಂದರಲ್ಲಿ ಅವುಗಳಲ್ಲಿ 59 ಚಿತ್ರಗಳನ್ನು ಬಳಸಿಕೊಳ್ಳಲಾಯಿತು.

ಹೀಗೆ ಒಂದು ಕಡೆ ಪುಸ್ತಕಗಳ ಮೊಲ, ಇನ್ನೊಂದು ಕಡೆ ಮನೆಯಲ್ಲಿ ಸಾಕಿದ ಮೊಲ. ಇವೆರಡನ್ನೂ ಒಂದೇ ಪುಟದಲ್ಲಿ ಕೂಡಿಸುವುದು ಹೇಗೆಂಬುದೇ 1890ರ ದಶಕದಲ್ಲಿ ಪಾಟರ್ ಅವರನ್ನು ಕಾಡಿದ ಕಲಾಸಮಸ್ಯೆ. ಅದಕ್ಕೆ ಉತ್ತರ ಹುಡುಕುವ ಮಾರ್ಗವಾಗಿ ಆಕೆ ತಮಗೆ ಪ್ರಿಯವಾದ ಪುಸ್ತಕಗಳಿಗೇ ಮತ್ತೆ ಚಿತ್ರ ಬರೆಯತೊಡಗಿದರು. ಆಲಿಸ್ ಕಥೆಯ ಸನ್ನಿವೇಶಗಳು, ಎಡ್ವರ್ಡ್ ಲಿಯರ್ ಅವರ ಅಸಂಗತ ಪದ್ಯಗಳು, ಸಿಂಡರೆಲಾ ಇವೆಲ್ಲ ಈ ಅಭ್ಯಾಸಕ್ಕೆ ಒದಗಿದವು. ಅಮೆರಿಕದ ಜೋಯಲ್ ಚಾಂಡ್ಲರ್ ಹ್ಯಾರಿಸ್ ಸಂಗ್ರಹಿಸಿ ಬರೆದ, ಆಫ್ರಿಕನ್ ಮೂಲದ ಜನರ ‘ಅಂಕಲ್ ರೀಮಸ್’ ಕಥೆಗಳಿಗೆ 1893ರಿಂದ 1896ರ ಅವಧಿಯಲ್ಲಿ ಎಂಟು ಚಿತ್ರಗಳನ್ನು ರಚಿಸಿದರು. ಆ ಕಥೆಗಳ ಚತುರ ಮೊಲದ ಕೆಲವು ನುಡಿಗಟ್ಟುಗಳು, ಮೊಲಗಳ ‘ಹೊಗೆಸೊಪ್ಪು’ ಎಂಬ ಕಲ್ಪನೆ ಮುಂತಾದವು ಪಾಟರ್ ಅವರ ಕಥೆಗಳೊಳಗೆ ನುಸುಳಿ ಬಂದಿರುವುದನ್ನು ವಿದ್ವಾಂಸರು ಗುರುತಿಸಿದ್ದಾರೆ. ಗುಲಾಮಗಿರಿಯ ನೋವಿನಿಂದ ಮೂಡಿದ ಜನಪದ ಕಥೆಗಳು ಇಂಗ್ಲೆಂಡಿನ ತರಕಾರಿ ತೋಟದೊಳಗೆ ಹೆಸರಿಲ್ಲದೆ ಸೇರಿಕೊಂಡವು. ಈ ಋಣವನ್ನು ಪಾಟರ್ ಬಹಿರಂಗವಾಗಿ ಸಾಕಷ್ಟು ಒಪ್ಪಿಕೊಂಡರೆಂದು ಹೇಳುವುದು ಕಷ್ಟ. ಆಕೆಯ ವಿಷಯದಲ್ಲಿ ಅಭಿಮಾನಿಗಳು ಎದುರಿಸಬೇಕಾದ ಪ್ರಶ್ನೆಯಿದು.

1893ರ ಸೆಪ್ಟೆಂಬರ್ 4ರಂದು ಸ್ಕಾಟ್ಲೆಂಡಿನ ಡಂಕೆಲ್ಡ್‌ನಿಂದ, ತಮ್ಮ ಹಿಂದಿನ ಉಪಾಧ್ಯಾಯಿನಿಯ ಮಗ, ಕಾಯಿಲೆಯಿಂದ ಮಲಗಿದ್ದ ಐದು ವರ್ಷದ ನೊಯೆಲ್ ಮೂರ್‌ಗೆ ಪಾಟರ್ ಚಿತ್ರಪತ್ರವೊಂದನ್ನು ಬರೆದರು. ಏನು ಬರೆಯಬೇಕೆಂದು ತೋಚದೆ ನಾಲ್ಕು ಮೊಲಗಳ ಕಥೆ ಹೇಳುತ್ತೇನೆಂದು ಶುರುವಾಗುವ ಆ ಪತ್ರವೇ ಪೀಟರ್ ಮೊಲದ ಮೊದಲ ರೂಪ. ಮರುದಿನವೇ ನೊಯೆಲ್‌ನ ತಮ್ಮನಿಗೆ ಕಪ್ಪೆಯೊಂದು ಮೀನು ಹಿಡಿಯಲು ಹೋದ ಕಥೆಯ ಪತ್ರ ಹೋಯಿತು. ಈ ಕಪ್ಪೆಯ ಹಿಂದೆ ಕಾಲ್ಡೆಕಾಟ್ ಇದ್ದಾರೆ. ಆತನ 1883ರ ಪುಸ್ತಕವೊಂದರಲ್ಲಿ ಹೆಣ್ಣು ಕೇಳಲು ಹೊರಟ ಸೊಗಸುಗಾರ ಕಪ್ಪೆ ಕೊನೆಗೆ ಬಾತುಕೋಳಿಯ ಬಾಯಿಗೆ ಬೀಳುತ್ತದೆ. ಪಾಟರ್ ಅವರ ಕಪ್ಪೆಯ ಚಿತ್ರಗಳನ್ನು ಪ್ರಕಾಶಕರೊಬ್ಬರು ಕೊಂಡುಕೊಂಡಾಗ ಅವುಗಳ ಶೀರ್ಷಿಕೆ ಕೂಡ ಕಾಲ್ಡೆಕಾಟ್ ಪುಸ್ತಕದ ಶೀರ್ಷಿಕೆಯನ್ನೇ ಧ್ವನಿಸುತ್ತಿತ್ತು. ಆ ಚಿತ್ರಗಳ ಹಕ್ಕನ್ನು ಹಣ ಕೊಟ್ಟು ಹಿಂದಕ್ಕೆ ಪಡೆದ ಪಾಟರ್ 1906ರಲ್ಲಿ ‘ಜೆರೆಮಿ ಫಿಷರ್’ ಕಥೆಯನ್ನು ಹೊರತಂದರು. ಇಲ್ಲಿ ಕಪ್ಪೆಯನ್ನು ಮೀನು ನುಂಗುತ್ತದೆ, ಆದರೆ ಅದು ತೊಟ್ಟಿದ್ದ ಮಳೆಯಂಗಿಯ ರುಚಿ ಹಿಡಿಸದೆ ಉಗುಳಿಬಿಡುತ್ತದೆ. ಕಪ್ಪೆಯ ಚರ್ಮದ ಹೊಳಪು, ತೊಡೆಯ ಮಡಿಕೆ, ತಾವರೆ ಎಲೆಯಂಥ ಎಲೆಯ ಮೇಲೆ ಅದು ಕೂರುವ ಭಂಗಿ ಇವು ಪ್ರಾಣಿಶಾಸ್ತ್ರದ ಪುಸ್ತಕಕ್ಕೂ ಸಲ್ಲುವಂತಿವೆ. ಕೆನ್ನೆತ್ ಗ್ರಹಾಮ್ ತಮ್ಮ ಪ್ರಸಿದ್ಧ ಕೃತಿಯಲ್ಲಿ ನೆಲಗಪ್ಪೆ ಕೂದಲು ಬಾಚಿಕೊಂಡಿತೆಂದು ಬರೆದದ್ದನ್ನು ಪಾಟರ್ ಆಕ್ಷೇಪಿಸಿದ್ದರ ಹಿನ್ನೆಲೆ ಇದೇ. ಕಪ್ಪೆ ರಬ್ಬರ್ ಪಾದರಕ್ಷೆ ಹಾಕಿಕೊಳ್ಳಬಹುದು, ಆದರೆ ಅದಕ್ಕೆ ಕೂದಲು ಬೆಳೆಸುವುದು ಪ್ರಕೃತಿಗೆ ವಿರುದ್ಧವೆಂಬುದು ಆಕೆಯ ನಿಲುವು. ಮೇಲ್ನೋಟಕ್ಕೆ ಹಾಸ್ಯವೆನಿಸುವ ಈ ಮಾತಿನಲ್ಲಿ ಒಂದು ಕಾವ್ಯಮೀಮಾಂಸೆಯೇ ಅಡಗಿದೆ. ಉಡುಪನ್ನು ತೊಡಿಸಬಹುದು, ದೇಹವನ್ನು ಬದಲಿಸುವಂತಿಲ್ಲ.

ಟೆನಿಯಲ್ ಅವರ ಮೊಲಕ್ಕೂ ಪಾಟರ್ ಅವರ ಮೊಲಕ್ಕೂ ಇರುವ ಅಂತರ ಸ್ಪಷ್ಟವಾಗುವುದು ಈ ಸೂತ್ರದಿಂದ. ಟೆನಿಯಲ್ ಅವರಲ್ಲಿ ಕೋಟು ಒಂದು ವೇಷ, ಅದನ್ನು ತೊಟ್ಟಷ್ಟು ಕಾಲ ಮೊಲ ಗಡಿಬಿಡಿಯ ಗೃಹಸ್ಥನಾಗಿರುತ್ತದೆ. ಪಾಟರ್ ಅವರಲ್ಲಿ ಕೋಟು ಕಥೆಯ ನಡೆಯನ್ನೇ ನಿರ್ಧರಿಸುತ್ತದೆ. ಪೀಟರ್ ಕೋಟು ತೊಟ್ಟಿರುವಾಗ ಎರಡು ಕಾಲಿನಲ್ಲಿ ನಿಂತು ಮೂಲಂಗಿ ತಿನ್ನುತ್ತಾನೆ. ಓಡುವ ಆತುರದಲ್ಲಿ ಪಾದರಕ್ಷೆ ಕಳೆದುಕೊಂಡ ಮೇಲೆ ನಾಲ್ಕು ಕಾಲಿನಲ್ಲಿ ವೇಗವಾಗಿ ಓಡುತ್ತಾನೆ. ದೊಡ್ಡ ಗುಂಡಿಗಳು ಬಲೆಗೆ ಸಿಕ್ಕಿ ಪ್ರಾಣಕ್ಕೇ ಸಂಚಕಾರ ಬಂದಾಗ ಕೋಟನ್ನು ಬಿಟ್ಟು ನುಸುಳಿದರಷ್ಟೇ ಬದುಕು. ಆ ಕ್ಷಣದಿಂದ ಚಿತ್ರದಲ್ಲಿರುವುದು ತೋಟದ ಸಾಮಾನ್ಯ ಮೊಲ. ಕಳೆದುಹೋದ ಕೋಟು ಬೆರ್ಚಪ್ಪನ ಮೈಮೇಲೆ ಏರುತ್ತದೆ. 1907ರ ‘ಟಾಮ್ ಕಿಟನ್’ ಕಥೆಯಲ್ಲಿ ಅತಿಥಿಗಳು ಬರುವರೆಂದು ತಾಯಿಬೆಕ್ಕು ಮರಿಗಳಿಗೆ ಬಿಗಿಯಾದ ಬಟ್ಟೆ ತೊಡಿಸಿ ಕಳಿಸುತ್ತದೆ. ಗುಂಡಿಗಳು ಕಿತ್ತು, ಬಟ್ಟೆಗಳು ಒಂದೊಂದಾಗಿ ಜಾರಿ, ಕೊನೆಗೆ ಬಾತುಕೋಳಿಗಳ ಪಾಲಾಗಿ ಕೊಳದ ತಳ ಸೇರುತ್ತವೆ. ವಿಕ್ಟೋರಿಯಾ ಯುಗದ ಶಿಸ್ತಿನ ಬಾಲ್ಯದ ಬಗ್ಗೆ ಲೇಖಕಿಯ ಅಭಿಪ್ರಾಯವೇನೆಂಬುದನ್ನು ಈ ಗುಂಡಿಗಳೇ ಹೇಳುತ್ತವೆ. ಅಂಗರಚನೆಯ ಅಭ್ಯಾಸವಿಲ್ಲದೆ, ಕೇವಲ ಟೆನಿಯಲ್ ಚಿತ್ರಗಳ ಮೋಹದಿಂದ ಇಂತಹ ಕಥನ ಸಾಧ್ಯವಾಗುತ್ತಿರಲಿಲ್ಲ. ಟೆನಿಯಲ್ ಅವರನ್ನು ಕಾಣದೆ, ಕೇವಲ ಅಂಗರಚನೆಯ ಅಭ್ಯಾಸದಿಂದಲೂ ಅದು ಹುಟ್ಟುತ್ತಿರಲಿಲ್ಲ.

ಪುಸ್ತಕಗಳ ಒಲವು ಪಾಟರ್ ಅವರಿಗೆ ಚಿತ್ರವಿದ್ಯೆಯನ್ನಷ್ಟೇ ಅಲ್ಲ, ಪುಸ್ತಕವೆಂಬ ವಸ್ತುವಿನ ಪ್ರಜ್ಞೆಯನ್ನೂ ನೀಡಿತು. ಪತ್ರವನ್ನು ನೊಯೆಲ್‌ನಿಂದ ಎರವಲು ಪಡೆದು ವಿಸ್ತರಿಸಿದ ಹಸ್ತಪ್ರತಿಯನ್ನು ಕನಿಷ್ಠ ಆರು ಪ್ರಕಾಶಕರು ನಿರಾಕರಿಸಿದರು. ಕೆಲವರಿಗೆ ಪುಸ್ತಕ ದೊಡ್ಡದಾಗಿರಬೇಕಿತ್ತು. ಆಕೆಗೆ ಬೇಕಾಗಿದ್ದುದು ಮಗುವಿನ ಅಂಗೈಗೆ ಹೊಂದುವ ಪುಟ್ಟ ಪುಸ್ತಕ, ಒಂದು ಷಿಲಿಂಗಿಗೆ ಸಿಗುವಂಥದ್ದು. ಹೆಚ್ಚು ಬೆಲೆಯ ಒಂದು ದೊಡ್ಡ ಪುಸ್ತಕಕ್ಕಿಂತ ಒಂದೊಂದು ಷಿಲಿಂಗಿನ ಎರಡು ಮೂರು ಪುಟ್ಟ ಪುಸ್ತಕಗಳೇ ಲೇಸೆಂದು ಆಕೆ ಮೂರ್ ಮಕ್ಕಳಿಗೆ ಬರೆದಿದ್ದರು. ಒಂದು ಷಿಲಿಂಗ್ ಎಂಬುದು ಕಾಲ್ಡೆಕಾಟ್ ಅವರ ಪುಸ್ತಕಗಳ ಬೆಲೆಯೂ ಹೌದು. ಆಗ್ಗೆ ಪುಟ್ಟ ಅಳತೆಯ ಪುಸ್ತಕಗಳಿಗೆ ಮಾದರಿಯೂ ಒದಗಿತ್ತು. ಮದ್ರಾಸ್ ಪ್ರಾಂತದಲ್ಲಿ ನೆಲೆಸಿದ್ದ ಸ್ಕಾಟ್ಲೆಂಡಿನ ಹೆಲೆನ್ ಬ್ಯಾನರ್‌ಮನ್ ರೈಲು ಪ್ರಯಾಣದ ನಡುವೆ ತಮ್ಮ ಹೆಣ್ಣುಮಕ್ಕಳಿಗಾಗಿ ಬರೆದ ‘ಲಿಟಲ್ ಬ್ಲ್ಯಾಕ್ ಸ್ಯಾಂಬೋ’ 1899ರಲ್ಲಿ ಚಿಕ್ಕ ಗಾತ್ರದಲ್ಲಿ ಪ್ರಕಟವಾಗಿ ಬಹಳ ಮಾರಾಟವಾಗಿತ್ತು. ಆ ಪುಸ್ತಕದ ಹೆಸರು ಮತ್ತು ಚಿತ್ರಗಳು ಮುಂದೆ ವರ್ಣಭೇದದ ಕಾರಣಕ್ಕೆ ತೀವ್ರ ಟೀಕೆಗೆ ಗುರಿಯಾದವು. ಆದರೆ ಎಳೆಯರ ಕೈಗೆ ಒಗ್ಗುವ ಅಳತೆ ವ್ಯಾಪಾರಕ್ಕೂ ಒಗ್ಗುತ್ತದೆಂಬುದನ್ನು ಪ್ರಕಾಶಕರಿಗೆ ಮನಗಾಣಿಸಿದ್ದರಲ್ಲಿ ಅದರ ಪಾತ್ರವಿದೆ.

1901ರ ಡಿಸೆಂಬರಿನಲ್ಲಿ ಪಾಟರ್ ಸ್ವಂತ ಖರ್ಚಿನಲ್ಲಿ 250 ಪ್ರತಿಗಳನ್ನು ಅಚ್ಚು ಹಾಕಿಸಿದರು. ಒಂದು ಎಡಪುಟದಲ್ಲಿ ಕೆಲವೇ ಸಾಲು, ಎದುರಿಗೆ ಒಂದು ಚಿತ್ರ, ಹೀಗೆ ಪುಟ ತಿರುಗಿಸುವ ಕ್ರಿಯೆಯೇ ಕಥೆಯ ಲಯವಾಗುವಂತೆ ಅದನ್ನು ಯೋಜಿಸಲಾಗಿತ್ತು. ಮುಖಚಿತ್ರವೊಂದನ್ನುಳಿದು ಮಿಕ್ಕೆಲ್ಲ ಚಿತ್ರಗಳೂ ಕಪ್ಪು ಬಿಳುಪು. ಒಳ್ಳೆಯ ವರ್ಣಮುದ್ರಣಕ್ಕೆ ಹಣ ಬಹಳ ಬೇಕು, ಅಲ್ಲದೆ ಕಥೆಯಲ್ಲಿರುವುದು ಬಹುಪಾಲು ಮೊಲದ ಕಂದು ಮತ್ತು ಹಸಿರು ಎಂಬುದು ಆಕೆ ಕೊಟ್ಟ ಕಾರಣ. ಫ್ರೆಡರಿಕ್ ವಾರ್ನ್ ಸಂಸ್ಥೆ ಮನಸ್ಸು ಬದಲಿಸಿ ಪ್ರಕಟಣೆಗೆ ಒಪ್ಪಿದಾಗ ಬಣ್ಣ ಬೇಕೇ ಬೇಕೆಂದು ಪಟ್ಟುಹಿಡಿಯಿತು. 1902ರ ಅಕ್ಟೋಬರ್‌ನಲ್ಲಿ 8,000 ಪ್ರತಿಗಳ ಮೊದಲ ಮುದ್ರಣ ಹೊರಬಂದಿತು. ಛಾಯಾಚಿತ್ರದ ನೆರವಿನಿಂದ ಮೂರು ಬಣ್ಣಗಳನ್ನು ಬೇರ್ಪಡಿಸಿ ಮುದ್ರಿಸುವ ಹೊಸ ವಿಧಾನದಿಂದಾಗಿ ಜಲವರ್ಣದ ನವಿರು ಛಾಯೆಗಳು ಮರಗೆತ್ತುವವನ ಕೈ ದಾಟದೆ ನೇರವಾಗಿ ಪುಟಕ್ಕಿಳಿದವು. ಅದನ್ನು ಅಚ್ಚು ಮಾಡಿದ್ದು ಬೇರಾರೂ ಅಲ್ಲ, ಎಡ್ಮಂಡ್ ಇವಾನ್ಸ್ ಸಂಸ್ಥೆ. ಬಾಲ್ಯದಲ್ಲಿ ನೋಡಿ ಬೆಳೆದ ಪುಸ್ತಕಗಳ ಮುದ್ರಣಾಲಯದಿಂದಲೇ ಆಕೆಯ ಪುಸ್ತಕವೂ ಹೊರಬಂದಿತು.

ಆನಂತರದ ಪುಸ್ತಕಗಳಲ್ಲಿ ‘ದಿ ಟೈಲರ್ ಆಫ್ ಗ್ಲಾಸ್ಟರ್’ (1903) ಪಾಟರ್ ಅವರಿಗೆ ಅತ್ಯಂತ ಪ್ರಿಯವಾದದ್ದು. ಕಾಯಿಲೆ ಬಿದ್ದ ದರ್ಜಿಯ ಪರವಾಗಿ ಇಲಿಗಳು ರಾತ್ರೋರಾತ್ರಿ ಹೊಲಿದು ಮುಗಿಸುವ ಹದಿನೆಂಟನೆಯ ಶತಮಾನದ ಕಸೂತಿಯ ಉಡುಪನ್ನು ಆಕೆ ಕಲ್ಪನೆಯಿಂದ ಬಿಡಿಸಲಿಲ್ಲ. ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿದ್ದ ನಿಜವಾದ ಉಡುಪುಗಳನ್ನು ನೋಡಿ ಎಳೆ ಎಳೆಯಾಗಿ ಚಿತ್ರಿಸಿದರು. ಇಲಿಯ ಕಥೆಗೂ ಕಸೂತಿಯ ನಿಖರತೆ ಬೇಕೆಂಬ ಈ ಹಟವನ್ನು ಮಕ್ಕಳ ಸಾಹಿತ್ಯವನ್ನು ಹಗುರವಾಗಿ ಕಾಣುವವರು ಗಮನಿಸಬೇಕು. ಈ ಕಥೆಯ ತುಂಬ ಶಿಶುಪ್ರಾಸಗಳನ್ನು ಪಾಟರ್ ಸೇರಿಸಿದ್ದರು. ಪ್ರಕಾಶಕರು ಅವುಗಳಲ್ಲಿ ಬಹಳಷ್ಟನ್ನು ತೆಗೆಯುವರೆಂದು ಊಹಿಸಿ, ತಮಗೆ ಬೇಕಾದ ರೂಪದಲ್ಲಿ 500 ಪ್ರತಿಗಳನ್ನು 1902ರಲ್ಲಿ ಖಾಸಗಿಯಾಗಿ ಮೊದಲೇ ಮುದ್ರಿಸಿಕೊಂಡಿದ್ದರು. ಊಹೆ ನಿಜವಾಯಿತು.

ಶಿಶುಪ್ರಾಸಗಳಿಗೆ ಚಿತ್ರ ಬರೆದು ಕಾಲ್ಡೆಕಾಟ್ ಅವರ ಕ್ಷೇತ್ರದಲ್ಲೇ ಅವರಿಗೆ ಎದುರಾಗಿ ನಿಲ್ಲುವ ಆಸೆ ಆಕೆಗೆ ಬಹುಕಾಲ ಇತ್ತು. ಪ್ರಕಾಶನ ಸಂಸ್ಥೆಯ ನಾರ್ಮನ್ ವಾರ್ನ್ ಜೊತೆ ಅಂತಹ ಸಂಕಲನವೊಂದರ ಮಾತುಕತೆಯೂ ನಡೆದಿತ್ತು. 1905ರಲ್ಲಿ ಅವರಿಬ್ಬರ ವಿವಾಹ ನಿಶ್ಚಯವಾಗಿ ಒಂದು ತಿಂಗಳು ಕಳೆಯುವಷ್ಟರಲ್ಲೇ, ಆಗಸ್ಟ್ 25ರಂದು, ನಾರ್ಮನ್ ತೀರಿಕೊಂಡರು. ಆ ಸಂಕಲನದ ಯೋಜನೆ ಮೂಲೆಗೆ ಸರಿಯಿತು. 1917ರಲ್ಲಿ ‘ಆಪ್ಲಿ ಡಾಪ್ಲಿ’ ಎಂಬ ಸಣ್ಣ ರೂಪದಲ್ಲೂ 1922ರಲ್ಲಿ ‘ಸೆಸಿಲಿ ಪಾರ್ಸ್ಲಿ’ ಎಂಬ ಇನ್ನೊಂದು ಪುಸ್ತಕವಾಗಿಯೂ ಅದರ ಅವಶೇಷಗಳು ಬೆಳಕಿಗೆ ಬಂದವು. ಆ ವೇಳೆಗೆ ಪಾಟರ್ ಅವರ ಕಣ್ಣಿನ ಶಕ್ತಿ ಕುಂದಿತ್ತು, ಬದುಕು ಸರೋವರ ಪ್ರಾಂತದ ಕುರಿಸಾಕಣೆಯ ಕಡೆಗೆ ಹೊರಳಿತ್ತು. ಕಾಲ್ಡೆಕಾಟ್ ಅವರೊಡನೆ ಆಕೆ ಹೂಡಿದ ಪೈಪೋಟಿ ಹೀಗೆ ಅರ್ಧದಲ್ಲೇ ನಿಂತಿತು.

ಪಾಟರ್ ಅವರ ಪ್ರೇರಣೆಗಳ ವಿಷಯದಲ್ಲಿ ಊಹಾಪೋಹಕ್ಕಿಳಿಯುವ ಸಂಶೋಧಕರಿಗೆ ಎಚ್ಚರಿಕೆಯಾಗಿ ಒಂದು ಪ್ರಸಂಗ ಉಳಿದಿದೆ. 1933ರಲ್ಲಿ ಕಾದಂಬರಿಕಾರ ಗ್ರಹಾಂ ಗ್ರೀನ್ ಆಕೆಯ ಕೃತಿಗಳನ್ನು ಕುರಿತು ಪ್ರಬಂಧವೊಂದನ್ನು ಬರೆದು, ಕೆಲವು ಪುಸ್ತಕಗಳಲ್ಲಿ ಕವಿದ ಕತ್ತಲೆಗೆ ಲೇಖಕಿಯ ಜೀವನದ ಯಾವುದೋ ಭಾವಸಂಕಟ ಕಾರಣವಾಗಿರಬೇಕೆಂದು ಸೂಚಿಸಿದರು. ಪಾಟರ್ ಕಟುವಾಗಿ ಉತ್ತರಿಸಿದರು. ಆ ಚಿತ್ರಗಳನ್ನು ಬರೆಯುವಾಗ ತನ್ನನ್ನು ಬಾಧಿಸುತ್ತಿದ್ದುದು ಫ್ಲೂ ಜ್ವರದ ಪರಿಣಾಮವೇ ಹೊರತು ಭಾವಸಂಕಟವಲ್ಲ, ಫ್ರಾಯ್ಡ್ ಪಂಥದ ವಿಮರ್ಶೆ ತನಗೆ ಸಮ್ಮತವಲ್ಲ ಎಂಬುದು ಆ ಉತ್ತರದ ಸಾರ. ಇದಕ್ಕೆ ನಾಲ್ಕು ವರ್ಷ ಮೊದಲು, 1929ರಲ್ಲಿ, ಮಕ್ಕಳ ಪುಸ್ತಕಗಳಿಗೆ ಮೀಸಲಾದ ಅಮೆರಿಕದ ‘ಹಾರ್ನ್ ಬುಕ್’ ಪತ್ರಿಕೆಗೆ ತಮ್ಮ ಕಥೆಗಳ ಬೇರುಗಳನ್ನು ಕುರಿತು ಆಕೆಯೇ ಬರೆದುಕೊಟ್ಟಿದ್ದರು. ತಮ್ಮನ್ನು ಕಾಣಲು ಅಟ್ಲಾಂಟಿಕ್ ದಾಟಿ ಬರುತ್ತಿದ್ದ ಅಮೆರಿಕದ ಗ್ರಂಥಪಾಲಕಿಯರನ್ನು ಪಾಟರ್ ಆದರದಿಂದ ಬರಮಾಡಿಕೊಳ್ಳುತ್ತಿದ್ದರು. ಅವರು ಪುಸ್ತಕದ ಬಗ್ಗೆ ಕೇಳುತ್ತಿದ್ದರು, ಲೇಖಕಿಯ ಅಂತರಂಗದ ಬಗ್ಗೆ ಅಲ್ಲ.

ಹಳೆಯ ಒಲವು ಮಾತ್ರ ಕೊನೆಯವರೆಗೂ ಬತ್ತಲಿಲ್ಲ. 1918ರ ‘ಜಾನಿ ಟೌನ್-ಮೌಸ್’ ಪುಸ್ತಕವನ್ನು ಆಕೆ ಅರ್ಪಿಸಿದ್ದು ನೀತಿಕಥೆಗಳ ಈಸೋಪನಿಗೆ. 1930ರಲ್ಲಿ, ಅರವತ್ತನಾಲ್ಕರ ವಯಸ್ಸಿನಲ್ಲಿ, ‘ಲಿಟಲ್ ಪಿಗ್ ರಾಬಿನ್‌ಸನ್’ ಕಥೆ ಪ್ರಕಟವಾಯಿತು. ಶಿಶುವಿಹಾರದ ಕೋಣೆಯಲ್ಲಿ ಕೇಳಿದ ಎಡ್ವರ್ಡ್ ಲಿಯರ್ ಅವರ ಪದ್ಯವೊಂದರಲ್ಲಿ, ಗೂಬೆ ಮತ್ತು ಬೆಕ್ಕಿನ ಮದುವೆಗೆ ತನ್ನ ಮೂಗಿನ ಉಂಗುರವನ್ನು ಮಾರುವ ಹಂದಿಯೊಂದು ಬಂದುಹೋಗುತ್ತದೆ. ಆ ಹಂದಿ ದೂರದ ದ್ವೀಪಕ್ಕೆ ಹೇಗೆ ಬಂದು ಸೇರಿತು ಎಂಬುದನ್ನು ಲಿಯರ್ ಹೇಳಿರಲಿಲ್ಲ. ಪಾಟರ್ ಅವರ ಪುಸ್ತಕ ಹೇಳುವುದು ಅದನ್ನೇ.